ದುರ್ಬಲರ ಪರ ನಿಂತ ಕಲೆಕ್ಟರ್ ಜಾನ್ ಸಲ್ಲಿವನ್

ಉತ್ಸವದ ಸ್ಮರಣ ಸಂಚಿಕೆಯಲ್ಲಿ ದೇವರ ಮಹಿಮೆಯ ಜೊತೆಗೆ ನಾಡಿಗೆ ಒಳಿತು ಮಾಡಿದ ಹಿರಿಯರ ಚರಿತ್ರೆಯನ್ನೂ ಸೇರಿಸುವುದು ಒಳ್ಳೆಯ ಪದ್ಧತಿ. ಈ ಸಲ ನಾವು ನೆನೆಯುತ್ತಿರುವವರು ನಮ್ಮ ಜಾತಿಗಾಗಲಿ ಮತಕ್ಕಾಗಲಿ ಭಾಷೆಗಾಗಲಿ ಸೇರಿದವರಲ್ಲ. ಕಡಲಾಚೆಯಿಂದ ಬಂದು, ನಮ್ಮ ಕೋತಗಿರಿಯ ಪಕ್ಕದಲ್ಲೇ ಮನೆ ಕಟ್ಟಿಕೊಂಡು, ಈ ಬೆಟ್ಟದ ಜನರಿಗಾಗಿ ತಮ್ಮ ಸರಕಾರದೊಡನೆಯೇ ವಾದ ಹೂಡಿದ ಜಾನ್ ಸಲ್ಲಿವನ್ ದೊರೆಯವರು.

ಕೈಲಾಗದವರ ಪರ ನಿಂತು ಮಾತನಾಡಿದರೆ ಸಿಗುವುದೇನು? ಬಲ್ಲಿದರ ಹಗೆ, ಮೇಲಧಿಕಾರಿಗಳ ಸಿಟ್ಟು, ಮನೆಯವರಿಗೆ ತೊಂದರೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ಇದೆ. ಕಷ್ಟಪಟ್ಟು ಹೋರಾಡಿದರೂ ಕೊನೆಗೆ ಗೆಲ್ಲುವವನು ಬಲವಿದ್ದವನೇ ಆದರೆ, ಹೋರಾಡಿದ್ದಕ್ಕೆ ಬೆಲೆ ಉಂಟೇ? ಈ ಪ್ರಶ್ನೆ ನಮ್ಮೆಲ್ಲರ ಮನಸ್ಸಿನಲ್ಲೂ ಒಂದಲ್ಲ ಒಂದು ದಿನ ಏಳುತ್ತದೆ. ಸಲ್ಲಿವನ್ನರ ಬಾಳಿನಲ್ಲಿ ಅದಕ್ಕೆ ಉತ್ತರ ದೊರೆಯುತ್ತದೆ.

ಬಾಲ್ಯ ಮತ್ತು ಉದ್ಯೋಗ

ಸಲ್ಲಿವನ್ನರು 1788ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಇನ್ನೂ ಹದಿಹರೆಯದಲ್ಲಿದ್ದಾಗಲೇ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರಾಗಿ ಮದ್ರಾಸಿಗೆ ಬಂದರು. ಆಗ ಕೊಯಮತ್ತೂರು ಜಿಲ್ಲೆಯ ಖಜಾನೆಯಲ್ಲಿ ದೊಡ್ಡ ಮೋಸ ನಡೆದಿತ್ತು. ಖಜಾಂಚಿಯೂ ಅವನ ಕಡೆಯವರೂ ಸೇರಿ ರೈತರನ್ನು ಸುಲಿಯುತ್ತಿದ್ದರು. ಅದರ ವಿಚಾರಣೆಗೆ ಥಾಮಸ್ ಮನ್ರೋ ಅವರ ಜೊತೆಯಲ್ಲಿ ನೇಮಕವಾದವರು ಸಲ್ಲಿವನ್ನರು. ಲೆಕ್ಕದ ಪುಸ್ತಕದಲ್ಲಿ ಒಂದು ಬರೆದು ರೈತನ ಕೈಯಿಂದ ಇನ್ನೊಂದು ಕಸಿಯುವುದು ಹೇಗೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. 1817ರಲ್ಲಿ ಅದೇ ಕೊಯಮತ್ತೂರಿಗೆ ಕಲೆಕ್ಟರಾದರು. ಆಗ ನೀಲಗಿರಿಯೂ ಆ ಜಿಲ್ಲೆಗೇ ಸೇರಿತ್ತು.

ಬೆಟ್ಟದ ಮೇಲೆ

ನೀಲಗಿರಿಯಲ್ಲಿ ಜನರೇ ಇರಲಿಲ್ಲ, ಅದನ್ನು ದೊರೆಗಳು ಕಂಡುಹಿಡಿದರು ಎಂದು ಹೇಳುವವರುಂಟು. ಅದು ಸರಿಯಲ್ಲ. ಎಮ್ಮೆಗಳನ್ನು ಮೇಯಿಸುವ ತೊದವರು, ಕಬ್ಬಿಣ ಮಣ್ಣುಗಳ ಕೆಲಸದಲ್ಲಿ ನಿಪುಣರಾದ ಕೋತರು, ರಾಗಿ ಸಾಮೆ ಬೆಳೆಯುವ ಬಡಗರು, ಕಾಡನ್ನು ಬಲ್ಲ ಕುರುಂಬರು ಮತ್ತು ಇರುಳರು ತಲೆತಲಾಂತರದಿಂದ ಇಲ್ಲಿ ಬಾಳುತ್ತಿದ್ದರು. ಕೋತರ ಕೇರಿಯೇ ಕೋತಗಿರಿ ಆಯಿತೆಂದು ಹೇಳುತ್ತಾರೆ. ಕೆಳನಾಡಿನವರು ದಣಾಯಕನ ಕೋಟೆಯ ಕಡೆಯಿಂದ ಕಾಲುದಾರಿ ಹಿಡಿದು ಹತ್ತಿ ಬರುತ್ತಿದ್ದರು. ಹೊಯ್ಸಳರ ದಂಡನಾಯಕರ ಹೆಸರು ಹೊತ್ತ ಆ ಕೋಟೆ ಈಗ ಭವಾನಿಸಾಗರದ ನೀರಿನೊಳಗಿದೆ.

1818ರಲ್ಲಿ ತಮ್ಮ ಸಹಾಯಕರಾದ ವಿಶ್ ಮತ್ತು ಕಿಂಡರ್ಸ್ಲಿ ಎಂಬವರು ಬೆಟ್ಟಕ್ಕೆ ಹೋಗಿ ಬಂದು ಹೇಳಿದ ಸುದ್ದಿ ಕೇಳಿ, 1819ರ ಜನವರಿಯಲ್ಲಿ ಸಲ್ಲಿವನ್ನರು ತಾವೇ ಹೊರಟರು. ನಮ್ಮ ದಿಂಬಟ್ಟಿಗೆ ಬಂದು ತಲುಪಿದರು. ಈ ಗಾಳಿ, ಈ ಚಳಿ, ಈ ಜನ ಅವರ ಮನಸ್ಸನ್ನು ಸೆಳೆದವು. ಕನ್ನೇರಿಮುಕ್ಕಿನಲ್ಲಿ ಬಂಗಲೆ ಕಟ್ಟಿಸಿದರು. ಸಿರುಮುಗೈಯಿಂದ ಕೋತಗಿರಿಯವರೆಗೆ ದಾರಿ ಮಾಡಿಸಿದರು. ಮುಂದೆ ಉದಕಮಂಡಲಕ್ಕೆ ಹೋಗಿ, ಇಂದಿಗೂ ಕಲ್ಲು ಬಂಗಲೆ ಎಂದು ಹೆಸರಾಗಿರುವ ಮನೆಯನ್ನು ಕಟ್ಟಿದರು. ಅಲ್ಲಿಯ ಕೆರೆಯೂ ಅವರು ಮಾಡಿಸಿದ್ದೇ. ಆಲೂಗೆಡ್ಡೆ, ಬಾರ್ಲಿ, ಸೀಮೆ ತರಕಾರಿ, ಹಣ್ಣಿನ ಗಿಡಗಳನ್ನು ತಂದು ಬೆಳೆಸಿದರು. ಮುಂದೆ ಎಷ್ಟೋ ಸಂಸಾರಗಳು ಆ ಆಲೂಗೆಡ್ಡೆಯಿಂದಲೇ ಬದುಕಿದ್ದು ನಮಗೆ ತಿಳಿದ ವಿಷಯ.

ಭೂಮಿ ಯಾರದು?

ದಾರಿ ಆದ ಮೇಲೆ ದೊರೆಗಳು ಒಬ್ಬೊಬ್ಬರಾಗಿ ಬರತೊಡಗಿದರು. ಮನೆಗೆ ಜಾಗ, ತೋಟಕ್ಕೆ ಜಾಗ, ಕಾಯಿಲೆಯ ಸಿಪಾಯಿಗಳ ವಸತಿಗೆ ಜಾಗ ಬೇಕಾಯಿತು. ಆ ಜಾಗವೆಲ್ಲ ತೊದವರ ಎಮ್ಮೆಗಳು ಮೇಯುವ ಹುಲ್ಲುಗಾವಲು. ತೊದವರಾದರೋ ಸಂಖ್ಯೆಯಲ್ಲಿ ಕೆಲವು ನೂರು ಜನ. ಅವರಿಗೆ ಓದು ಬರಹವಿಲ್ಲ, ಕೈಯಲ್ಲಿ ಪತ್ರವಿಲ್ಲ, ಕಚೇರಿ ಎಂದರೇನೆಂದು ಗೊತ್ತಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂಬಂತೆ, ಸಿಟ್ಟು ಬಂದರೂ ಅವರು ಮಾಡುವಂತಹದು ಏನೂ ಇರಲಿಲ್ಲ.

ಆಗ ಅವರ ಪರವಾಗಿ ಬರೆದವರು ಸಲ್ಲಿವನ್ನರು. ಈ ಬೆಟ್ಟದ ಮೂಲ ಒಡೆಯರು ತೊದವರೇ, ಬೇರೆಯವರು ಅವರಿಗೆ ವರ್ಷವರ್ಷವೂ ಗೂಡು ಎಂಬ ಹೆಸರಿನಲ್ಲಿ ಧಾನ್ಯ ಕೊಡುತ್ತ ಬಂದಿರುವುದೇ ಅದಕ್ಕೆ ಸಾಕ್ಷಿ, ಆದ್ದರಿಂದ ಅವರ ಭೂಮಿಯನ್ನು ತೆಗೆದುಕೊಂಡರೆ ಪರಿಹಾರ ಕೊಡಲೇಬೇಕು ಎಂಬುದು ಅವರ ವಾದ. ಪತ್ರವಿಲ್ಲದಿದ್ದರೂ ಹಕ್ಕು ಹಕ್ಕೇ ಎಂದು ಸರಕಾರದ ಅಧಿಕಾರಿಯೊಬ್ಬರು ಸರಕಾರಕ್ಕೇ ಹೇಳಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಸಲ್ಲಿವನ್ನರೂ ಉದಕಮಂಡಲದಲ್ಲಿ ಬಹಳ ಭೂಮಿಯನ್ನು ತಮ್ಮದಾಗಿ ಮಾಡಿಕೊಂಡಿದ್ದರು. ತೊದವರಿಗೆ ಎಕರೆಗೆ ಒಂದು ರೂಪಾಯಿಯಂತೆ ಕೊಟ್ಟು ಕೊಂಡರೆಂದು ಹೇಳುತ್ತಾರೆ. ಈ ವಿಷಯವನ್ನು ಅವರ ವಿರೋಧಿಗಳು ಎತ್ತಿ ಆಡಿದರು. ಇನ್ನೂ ನೋಡಿದರೆ, ಹೊರಗಿನವರು ಬರಲು ದಾರಿ ಮಾಡಿಸಿದವರೇ ಅವರು. ಆ ದಾರಿಯಲ್ಲಿ ಬಂದ ಆಪತ್ತಿನಿಂದ ಇಲ್ಲಿಯವರನ್ನು ಕಾಪಾಡಲು ಹೊರಟವರೂ ಅವರೇ. ಆದರೂ ಭೂಮಿಗೆ ಒಡೆಯರಿದ್ದಾರೆ, ಅವರಿಗೆ ಬೆಲೆ ಕೊಡಬೇಕು ಎಂದು ಅವರು ಒಪ್ಪಿ ನಡೆದರು. ಒಡೆಯರೇ ಇಲ್ಲವೆಂದವರಿಗೂ ಅವರಿಗೂ ಇದ್ದ ಅಂತರ ಇದು.

ಅಧಿಕಾರ ಕೈತಪ್ಪಿದ್ದು

1827ರಲ್ಲಿ ಲಷಿಂಗ್ಟನ್ ಎಂಬವರು ಮದ್ರಾಸಿನ ಗವರ್ನರಾಗಿ ಬಂದರು. ಅವರು ಸಮರ್ಥರು, ಬೆಟ್ಟದ ಅಭಿವೃದ್ಧಿಯಲ್ಲಿ ಆಸಕ್ತಿ ಉಳ್ಳವರು. ಕೂನೂರು ಘಾಟಿಯ ದಾರಿ ಅವರ ಕಾಲದ್ದು. ಆದರೆ ತೊದವರಿಗೆ ಒಡೆತನ ಉಂಟೆಂಬುದನ್ನು ಅವರು ಒಪ್ಪಲಿಲ್ಲ. ಉದಕಮಂಡಲವನ್ನು ಸೈನ್ಯದ ಅಧಿಕಾರಿಯ ಕೈಗೆ ಕೊಟ್ಟರು. 1830ರಲ್ಲಿ ಬೆಟ್ಟದ ಬಹುಭಾಗವನ್ನು ಕೊಯಮತ್ತೂರಿನಿಂದ ತೆಗೆದು ಮಲಬಾರಿಗೆ ಸೇರಿಸಲಾಯಿತು. ಸಲ್ಲಿವನ್ನರು ವರ್ಷಗಟ್ಟಲೆ ದುಡಿದು ಬೆಳೆಸಿದ ಊರು ಒಂದೇ ಆಜ್ಞೆಯಿಂದ ಅವರ ಅಧಿಕಾರದ ಹೊರಗಾಯಿತು. ಅದೇ ವರ್ಷ ಅವರು ರಜೆಯ ಮೇಲೆ ಸ್ವದೇಶಕ್ಕೆ ಹೋದರು.

ಮರಳಿ ಬಂದು ರೆವಿನ್ಯೂ ಬೋರ್ಡಿನಲ್ಲೂ, ಬಳಿಕ ಗವರ್ನರರ ಕೌನ್ಸಿಲಿನಲ್ಲೂ ಕೆಲಸ ಮಾಡಿದರು. ವಾದವನ್ನು ಬಿಡಲಿಲ್ಲ. ಆದರೆ ವಿಧಿ ಇನ್ನೊಂದು ಪೆಟ್ಟು ಕೊಟ್ಟಿತು. 1838ರಲ್ಲಿ ಪತ್ನಿ ಹೆನ್ರಿಯೆಟ್ಟಾ ಮತ್ತು ಹದಿಹರೆಯದ ಮಗಳು ಹ್ಯಾರಿಯೆಟ್ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಅಂಗಳದಲ್ಲಿ ತಾಯಿ ಮಗಳ ಸಮಾಧಿ ಇದೆ. ಅವರಿಬ್ಬರನ್ನೂ ಈ ಮಣ್ಣಿಗೆ ಒಪ್ಪಿಸಿ, 1841ರಲ್ಲಿ ಸಲ್ಲಿವನ್ನರು ಭಾರತವನ್ನು ಬಿಟ್ಟರು.

ಕೊನೆಯ ದಿನಗಳು

ಇಂಗ್ಲೆಂಡಿಗೆ ಹೋದ ಮೇಲಾದರೂ ಪಿಂಚಣಿ ಪಡೆದು ಸುಮ್ಮನಿರಬಹುದಾಗಿತ್ತು. ಅವರು ಸುಮ್ಮನಿರಲಿಲ್ಲ. ಕಂಪನಿಯವರು 1839ರಲ್ಲಿ ಪದಚ್ಯುತಗೊಳಿಸಿದ್ದ ಸತಾರಾದ ರಾಜ ಪ್ರತಾಪಸಿಂಹರಿಗೆ ನ್ಯಾಯ ಸಿಗಬೇಕೆಂದು ಲಂಡನ್ನಿನಲ್ಲಿ ಕಂಪನಿಯ ಪಾಲುದಾರರ ಸಭೆಯಲ್ಲೇ ವಾದಿಸಿದರು. ಅಲ್ಲಿಯೂ ಫಲ ಸಿಗಲಿಲ್ಲ. ರಾಜರು 1847ರಲ್ಲಿ ಕಾಶಿಯಲ್ಲಿ ತೀರಿಕೊಂಡರು, ಮರುವರ್ಷ ಸತಾರಾ ಕಂಪನಿಯ ವಶವಾಯಿತು. ದೇಶೀಯ ಸಂಸ್ಥಾನಗಳೊಡನೆ ಮಾಡಿಕೊಂಡ ಒಪ್ಪಂದಗಳನ್ನು ಮುರಿಯಬಾರದು, ಈ ನಾಡಿನ ಆಡಳಿತವನ್ನು ಈ ನಾಡಿನವರೇ ನಡೆಸಬಲ್ಲರು ಎಂಬ ಅಭಿಪ್ರಾಯವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1855ರ ಜನವರಿ 16ರಂದು ತೀರಿಕೊಂಡರು. ಇಂಗ್ಲೆಂಡಿನ ಸ್ಲೌ ಬಳಿಯ ಅಪ್ಟನ್ ಎಂಬ ಊರಿನ ಚರ್ಚಿನಲ್ಲಿ ಅವರ ಸಮಾಧಿ ಇದೆ.

ಶ್ರಮದ ಫಲ

ಮೇಲುನೋಟಕ್ಕೆ ಇದು ಸೋತವರ ಕಥೆ. ಆದರೆ ಅವರು ಬರೆದಿಟ್ಟ ಮಾತು ಕಡತದೊಳಗೆ ಸಾಯಲಿಲ್ಲ. ಅವರು ಹಡಗು ಹತ್ತಿ ಹೋದ ಎರಡು ವರ್ಷಕ್ಕೆ, 1843ರಲ್ಲಿ, ಲಂಡನ್ನಿನ ನಿರ್ದೇಶಕರ ತೀರ್ಮಾನ ಹೊರಬಿತ್ತು. ಸಲ್ಲಿವನ್ನರು ಕೇಳಿದ ಪೂರ್ತಿ ಒಡೆತನವನ್ನು ಅವರು ಒಪ್ಪಲಿಲ್ಲ. ಆದರೆ ತೊದವರಿಗೆ ಎಮ್ಮೆ ಮೇಯಿಸುವ ಹಕ್ಕು ಹಿಂದಿನಿಂದಲೂ ಇದೆ, ಅವರ ಮಂದುಗಳಿಗೆ ಯಾರೂ ಕೈ ಹಾಕಬಾರದು ಎಂದು ಒಪ್ಪಿದರು. ಬೆಟ್ಟವೂ ಕೊಯಮತ್ತೂರಿಗೆ ಮರಳಿ ಸೇರಿತು. 1863ರಲ್ಲಿ ಮಂದುಗಳಿಗೆ ಪಟ್ಟಾ ದೊರೆಯಿತು. 1893ರಲ್ಲಿ ಆ ಭೂಮಿ ಪರರ ಪಾಲಾಗದಂತೆ ಅರಣ್ಯ ಕಾಯಿದೆಯ ಕೆಳಗೆ ತರಲಾಯಿತು. ಅರಣ್ಯ ವಾಸಿಗಳು ಹಿಂದಿನಿಂದ ಅನುಭವಿಸಿದ ನೆಲದ ಮೇಲೆ ಅವರಿಗೆ ಹಕ್ಕುಂಟು ಎಂದು 2006ರಲ್ಲಿ ನಮ್ಮ ಪಾರ್ಲಿಮೆಂಟೇ ಕಾಯಿದೆ ಮಾಡಿತು. ಪತ್ರವಿಲ್ಲದಿದ್ದರೂ ಹಕ್ಕು ಹಕ್ಕೇ ಎಂಬ ಸಲ್ಲಿವನ್ನರ ಮಾತು ಅಷ್ಟು ದೂರ ನಡೆದು ಬಂದಿತು.

ಅಷ್ಟರಲ್ಲಿ ಎಷ್ಟೋ ಹುಲ್ಲುಗಾವಲು ಕೈಬಿಟ್ಟು ಹೋಗಿತ್ತು ಎಂಬುದೂ ನಿಜ. ಒಬ್ಬರು ನಿಂತಮಾತ್ರಕ್ಕೆ ಎಲ್ಲವೂ ಉಳಿಯುವುದಿಲ್ಲ. ಆದರೆ ಯಾರೂ ನಿಲ್ಲದೆ ಹೋಗಿದ್ದರೆ, ಮುಂದೆ ಬಂದವರಿಗೆ ಆಧಾರವಾಗಿ ಹಿಡಿಯಲು ಒಂದು ಕಾಗದವೂ ಇರುತ್ತಿರಲಿಲ್ಲ. ದುರ್ಬಲರ ಪರ ನಿಂತವನಿಗೆ ಫಲ ಅವನ ಕಾಲದಲ್ಲೇ ಸಿಗಬೇಕೆಂಬ ನಿಯಮವಿಲ್ಲ. ಅದು ಅವನು ಕಾಣದ ಜನರ ಪಾಲಿಗೆ ಸೇರುತ್ತದೆ.

ಕನ್ನೇರಿಮುಕ್ಕಿನ ಬಂಗಲೆ ಬಹಳ ಕಾಲ ಪಾಳುಬಿದ್ದಿತ್ತು. ಅದನ್ನು ದುರಸ್ತಿ ಮಾಡಿ ಸಲ್ಲಿವನ್ ಸ್ಮಾರಕವನ್ನಾಗಿ ಉಳಿಸಿದ್ದಾರೆ. ಉದಕಮಂಡಲಕ್ಕೆ 200 ವರ್ಷವಾದ ಸಂದರ್ಭದಲ್ಲಿ, 2022ರಲ್ಲಿ, ಅಲ್ಲಿ ಅವರ ಪ್ರತಿಮೆಯೂ ನಿಂತಿತು. ಲಷಿಂಗ್ಟನ್ನರು ಗವರ್ನರಾಗಿದ್ದವರು, ಸಲ್ಲಿವನ್ನರು ಬರೀ ಕಲೆಕ್ಟರು. ಇಂದು ಬೆಟ್ಟದ ಜನರು ಹಾರ ಹಾಕುವುದು ಯಾರಿಗೆ ಎಂಬುದನ್ನು ನೋಡಿದರೆ ಸಾಕು.

ಭಕ್ತ ಬಾಂಧವರೇ, ದುರ್ಬಲರು ಇಂದಿಗೂ ನಮ್ಮ ನಡುವೆ ಇದ್ದಾರೆ. ಹಸಿರೆಲೆಗೆ ತಕ್ಕ ಬೆಲೆ ಸಿಗದೆ ಸೋತ ಸಣ್ಣ ಚಹಾ ಬೆಳೆಗಾರ ಇದ್ದಾನೆ. ಅರ್ಜಿ ಬರೆಯಲು ಬಾರದೆ ಕಚೇರಿಯ ಬಾಗಿಲಲ್ಲಿ ನಿಂತ ಇರುಳರ ಅಜ್ಜಿ ಇದ್ದಾಳೆ. ಅವರ ಜೊತೆಯಲ್ಲಿ ಹೋಗಿ ಒಂದು ಅರ್ಜಿ ಬರೆದು ಕೊಡಲು ಕಲೆಕ್ಟರೇ ಆಗಬೇಕಾಗಿಲ್ಲ. ಉತ್ಸವದ ದಿನ ದೇವರ ಮುಂದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಉತ್ಸವ ಮುಗಿದ ಮರುದಿನವೂ ಅವರ ಪಕ್ಕದಲ್ಲಿ ನಿಲ್ಲುವ ಮನಸ್ಸನ್ನು ದೇವರು ನಮಗೆಲ್ಲ ಕರುಣಿಸಲಿ ಎಂದು ಪ್ರಾರ್ಥಿಸೋಣ.