ಜಿ.ಎಸ್. ಘುರ್ಯೆ: ಮೇಷ್ಟ್ರುಗಳನ್ನೇ ತಯಾರು ಮಾಡಿದ ಮುಂಬೈನ ಮೇಷ್ಟ್ರು

ಪಿಯುಸಿಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಜಿ.ಎಸ್. ಘುರ್ಯೆ ಎಂಬ ಹೆಸರು ಪರೀಕ್ಷೆಯ ಪ್ರಶ್ನೆಯಾಗಿಯಾದರೂ ನೆನಪಿರುತ್ತದೆ. ಜಾತಿ ವ್ಯವಸ್ಥೆಗೆ ಆರು ಲಕ್ಷಣಗಳಿವೆ ಎಂದು ಹೇಳಿದವರು ಯಾರು? ಘುರ್ಯೆ. ಅಷ್ಟು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಈ ಮನುಷ್ಯನ ಬದುಕಿನ ದೊಡ್ಡ ಕೆಲಸ ಆ ಆರು ಲಕ್ಷಣಗಳಲ್ಲ. ಎಂ.ಎ. ಮಾಡಲು ಬಂದ ಹುಡುಗ ಹುಡುಗಿಯರನ್ನು ಅವರು ಮೇಷ್ಟ್ರುಗಳನ್ನಾಗಿ ಮಾಡಿ ಕಳಿಸಿದರು. ಅವರಲ್ಲೊಬ್ಬರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್.

ನಮ್ಮಲ್ಲಿ ಒಂದು ವಿಚಿತ್ರವಿದೆ. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಲು ತರಬೇತಿ ಬೇಕು, ಹೈಸ್ಕೂಲಿಗೆ ಬಿ.ಎಡ್. ಬೇಕು. ಕಾಲೇಜಿನಲ್ಲಿ ಪಾಠ ಮಾಡಲು ಮಾತ್ರ ಪಾಠ ಮಾಡುವುದು ಹೇಗೆಂದು ಯಾರೂ ಕಲಿತು ಬರಬೇಕಿಲ್ಲ. ವಿಷಯ ಗೊತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆ ನೂರು ವರ್ಷಗಳಿಂದ ನಡೆದು ಬಂದಿದೆ. ಹಾಗಿದ್ದ ಮೇಲೆ ಒಳ್ಳೆಯ ಕಾಲೇಜು ಮೇಷ್ಟ್ರುಗಳು ಎಲ್ಲಿಂದ ಬಂದರು? ಉತ್ತರದ ಒಂದು ಭಾಗ ಮುಂಬೈ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ಸಿಗುತ್ತದೆ.

ಗೋವಿಂದ ಸದಾಶಿವ ಘುರ್ಯೆ ಹುಟ್ಟಿದ್ದು 1893ರ ಡಿಸೆಂಬರ್ 12ರಂದು, ಕೊಂಕಣ ಕರಾವಳಿಯ ಮಾಲ್ವಣದಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ಓದಿಗಾಗಿ ಮುಂಬೈ, ಜುನಾಗಢ ಸುತ್ತಿ ಕೊನೆಗೆ ಎಲ್ಫಿನ್‌ಸ್ಟನ್ ಕಾಲೇಜು ಸೇರಿದರು. 1918ರಲ್ಲಿ ಸಂಸ್ಕೃತ ಮತ್ತು ಇಂಗ್ಲಿಷ್‌ನಲ್ಲಿ ಎಂ.ಎ. ಮುಗಿಸಿ ಚಾನ್ಸಲರ್ ಚಿನ್ನದ ಪದಕ ಗೆದ್ದರು. ಅಲ್ಲಿಯೇ ಸಂಸ್ಕೃತ ಪಾಠ ಹೇಳಲು ನಿಂತರು. ಬದುಕು ಅಲ್ಲಿಗೇ ನೆಲೆ ನಿಂತಿದ್ದರೆ ಇನ್ನೊಬ್ಬ ಸಂಸ್ಕೃತ ಪಂಡಿತರು ಸಿಗುತ್ತಿದ್ದರು, ಅಷ್ಟೇ.

1919ರಲ್ಲಿ ಸ್ಕಾಟ್ಲೆಂಡಿನ ನಗರ ತಜ್ಞ ಪ್ಯಾಟ್ರಿಕ್ ಗೆಡ್ಡಿಸ್ ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭಿಸಿದರು. ಘುರ್ಯೆ ಅವರ ತರಗತಿಗೆ ಹೋದರು. ಮುಂಬೈ ನಗರದ ಬಗ್ಗೆ ಬರೆದ ಪ್ರಬಂಧ ಇಂಗ್ಲೆಂಡಿಗೆ ಹೋಗಲು ವಿದ್ಯಾರ್ಥಿವೇತನ ಕೊಡಿಸಿತು. ಮೊದಲು ಲಂಡನ್, ಅಲ್ಲಿ ಮನಸ್ಸು ಕೂರಲಿಲ್ಲ. ಆಮೇಲೆ ಕೇಂಬ್ರಿಡ್ಜ್, ಡಬ್ಲ್ಯೂ.ಎಚ್.ಆರ್. ರಿವರ್ಸ್ ಎಂಬ ಮಾನವಶಾಸ್ತ್ರಜ್ಞರ ಬಳಿ. 1922ರಲ್ಲಿ ರಿವರ್ಸ್ ಹಠಾತ್ತನೆ ತೀರಿಕೊಂಡರು. ಪ್ರಬಂಧವನ್ನು ಎ.ಸಿ. ಹ್ಯಾಡನ್ ಅವರ ಕೈಕೆಳಗೆ ಮುಗಿಸಬೇಕಾಯಿತು. ಊರಿಗೆ ಮರಳಿದ ಘುರ್ಯೆ 1924ರಲ್ಲಿ, 30ರ ವಯಸ್ಸಿನಲ್ಲಿ, ಗೆಡ್ಡಿಸ್ ಕಟ್ಟಿದ್ದ ವಿಭಾಗದ ಮುಖ್ಯಸ್ಥರಾದರು. ನಿವೃತ್ತರಾದದ್ದು 1959ರಲ್ಲಿ.

ಈ 35 ವರ್ಷ ಅವರು ಮಾಡಿದ ಕೆಲಸ ನೋಡಿ. ಆಗ ಮುಂಬೈಯಲ್ಲಿ ತರಗತಿ, ಪ್ರಶ್ನೆಪತ್ರಿಕೆಗಳ ಬದಲು ಒಂದು ಸಂಶೋಧನಾ ಪ್ರಬಂಧ ಬರೆದೇ ಎಂ.ಎ. ಪಡೆಯಲು ಅವಕಾಶವಿತ್ತು. ಘುರ್ಯೆ ಇದನ್ನೇ ತಮ್ಮ ತರಬೇತಿ ಶಾಲೆ ಮಾಡಿಕೊಂಡರು. ಎಂ.ಎ., ಪಿಎಚ್‌.ಡಿ. ಎರಡೂ ಸೇರಿ ಅವರ ಮಾರ್ಗದರ್ಶನದಲ್ಲಿ ಬಂದ ಪ್ರಬಂಧಗಳು ಸುಮಾರು 80. ವಿಷಯ ಕೊಡುವುದರಲ್ಲೇ ಅವರ ಜಾಣತನವಿತ್ತು. ವಿದ್ಯಾರ್ಥಿ ಎಲ್ಲಿಂದ ಬಂದಿದ್ದಾನೋ, ಯಾರ ಮನೆಯ ಮಗಳೋ, ಅಲ್ಲಿಗೇ ವಾಪಸ್ ಕಳಿಸುತ್ತಿದ್ದರು. ಮುಂದೆ 'ಯುಗಾಂತ' ಬರೆದು ಹೆಸರಾದ ಇರಾವತಿ ಕರ್ವೆ ಪುಣೆಯಿಂದ ಬಂದಾಗ ಅವರಿಗೆ ಸಿಕ್ಕ ವಿಷಯ ಚಿತ್ಪಾವನ ಬ್ರಾಹ್ಮಣರು, ಅಂದರೆ ಅವರದೇ ಸಮುದಾಯ. 1928ರಲ್ಲಿ ಎಂ.ಎ. ಆಯಿತು. ಜೈನ ಕುಟುಂಬದ ವಿಲಾಸ್ ಸಂಗವೆ ಜೈನ ಸಮಾಜದ ಬಗ್ಗೆಯೇ ಬರೆದರು.

ಇದರಿಂದ ಆದ ಲಾಭ ಏನು? ಇಂಗ್ಲಿಷ್ ಪುಸ್ತಕ ಓದಿ ನೋಟ್ಸ್ ಹೇಳಿ ಬರೆಸುವ ಮೇಷ್ಟ್ರು ಒಂದು ಜಾತಿ. ತಾನೇ ಊರೂರು ತಿರುಗಿ, ಗೆಜೆಟಿಯರ್ ಕೆದಕಿ, ಜನಗಣತಿ ವರದಿ ತಿರುವಿ, ಮದುವೆ-ಸೂತಕ-ಆಸ್ತಿ ಹಂಚಿಕೆಯ ಬಗ್ಗೆ ಹಿರಿಯರನ್ನು ಕೇಳಿ ಬರೆದವರು ಇನ್ನೊಂದು ಜಾತಿ. ಎರಡನೆಯವರು ತರಗತಿಯಲ್ಲಿ ನಿಂತಾಗ ಉದಾಹರಣೆಗೆ ತಡಕಾಡಬೇಕಿಲ್ಲ. ಭಾರತದ ಸಮಾಜಶಾಸ್ತ್ರಕ್ಕೆ ಆಗ ತನ್ನದೇ ಪುಸ್ತಕಗಳು ಬಹಳ ಕಡಿಮೆ. ಘುರ್ಯೆಯವರ 'ಕಾಸ್ಟ್ ಅಂಡ್ ರೇಸ್ ಇನ್ ಇಂಡಿಯಾ' ಬಂದದ್ದೇ 1932ರಲ್ಲಿ. ಪಾಠ ಹೇಳಬೇಕಾದವರು ಪಾಠಕ್ಕೆ ಬೇಕಾದ ಸರಕನ್ನೂ ತಾವೇ ಬೆಳೆದುಕೊಳ್ಳಬೇಕಿತ್ತು.

ತಮಾಷೆ ಎಂದರೆ, ಘುರ್ಯೆ ಸ್ವತಃ ಹೆಚ್ಚಾಗಿ ಪುಸ್ತಕದ ಮನುಷ್ಯ. ಸಂಸ್ಕೃತ ಗ್ರಂಥಗಳು, ಹಳೆಯ ದಾಖಲೆಗಳು ಅವರ ನಿಜವಾದ ಹೊಲ. ಹಳ್ಳಿಗೆ ಹೋಗಿ ಎಂದು ಶಿಷ್ಯರನ್ನು ಅಟ್ಟುತ್ತಿದ್ದರು, ಹೋದ ಮೇಲೆ ಏನು ಮಾಡಬೇಕೆಂಬುದನ್ನು ಬಹುಮಟ್ಟಿಗೆ ಶಿಷ್ಯರೇ ಕಂಡುಕೊಳ್ಳಬೇಕಿತ್ತು.

ಮೈಸೂರಿನಿಂದ ಬಂದ ಹುಡುಗ

1936ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಆನರ್ಸ್ ಮುಗಿಸಿ, ಇನ್ನೂ 20 ತುಂಬದ ಶ್ರೀನಿವಾಸ್ ಮುಂಬೈಗೆ ಬಂದರು. ಘುರ್ಯೆ ಅವರಿಗೆ ಕೊಟ್ಟ ಕೆಲಸ ಮೈಸೂರು ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬ. ಆ ಎಂ.ಎ. ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ನಂತರ ಕೊಡಗು. ಕೊಡವರ ಬಗ್ಗೆ ಸಂಶೋಧನೆ ಮಾಡಿ 1944ರಲ್ಲಿ ಮುಂಬೈಯಿಂದ ಪಿಎಚ್‌.ಡಿ. ಪಡೆದರು. ನಡುವೆ ಘುರ್ಯೆ ಅವರಿಗೆ ಸಂಶೋಧನಾ ಸಹಾಯಕರಾಗಿಯೂ ದುಡಿದರು.

1945ರಲ್ಲಿ ಶ್ರೀನಿವಾಸ್ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್ ಅದೇ ಕೊಡಗಿನ ಸಾಮಗ್ರಿಯನ್ನು ಬೇರೆ ಕಣ್ಣಿನಿಂದ ನೋಡಲು ಹೇಳಿದರು. ಮುಂಬೈಯಲ್ಲಿ ಒಂದು ಆಚರಣೆ ಎಲ್ಲಿಂದ ಬಂತು, ಹೇಗೆ ಹರಡಿತು ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಆಕ್ಸ್‌ಫರ್ಡ್‌ನಲ್ಲಿ ಆ ಆಚರಣೆ ಇಂದಿನ ಕೊಡವ ಮನೆಯನ್ನು, ಊರನ್ನು ಹೇಗೆ ಹಿಡಿದಿಟ್ಟಿದೆ ಎಂಬುದು ಪ್ರಶ್ನೆಯಾಯಿತು. 1952ರಲ್ಲಿ ಹೊರಬಂದ ಕೊಡಗಿನ ಪುಸ್ತಕವೇ ಶ್ರೀನಿವಾಸ್ ಅವರನ್ನು ಜಗತ್ತಿಗೆ ಪರಿಚಯಿಸಿತು. ಸಂಸ್ಕೃತೀಕರಣ ಎಂಬ ಮಾತು ಅಲ್ಲಿಂದಲೇ ಬಂತು. ಸರಕು ಒಬ್ಬ ಗುರುವಿನ ಕಾಲದ್ದು, ನೋಟ ಇನ್ನೊಬ್ಬ ಗುರುವಿನದು. ಗುರು-ಶಿಷ್ಯರ ನಡುವಿನ ಸಂಬಂಧ ಹಳಸಿತು. ಅದು ಪೂರ್ತಿ ಸರಿಹೋಗಲೇ ಇಲ್ಲ.

ಆದರೆ ಅಭಿಪ್ರಾಯ ಭೇದವನ್ನು ಸಹಿಸದ ಮೇಷ್ಟ್ರು ಎಂದು ಘುರ್ಯೆಗೆ ಹಣೆಪಟ್ಟಿ ಹಚ್ಚುವುದೂ ಕಷ್ಟ. ಅವರ ಇನ್ನೊಬ್ಬ ಶಿಷ್ಯ ಎ.ಆರ್. ದೇಸಾಯಿ ಕಟ್ಟಾ ಮಾರ್ಕ್ಸ್‌ವಾದಿ. ಘುರ್ಯೆ ಪರಂಪರೆಯ ಕಡೆ ವಾಲಿದವರು. ಆದರೂ ಭಾರತದ ರಾಷ್ಟ್ರೀಯತೆಯ ಸಾಮಾಜಿಕ ಹಿನ್ನೆಲೆ ಕುರಿತ ದೇಸಾಯಿ ಅವರ ಪ್ರಬಂಧ ಇವರ ಮಾರ್ಗದರ್ಶನದಲ್ಲೇ 1946ರಲ್ಲಿ ಮುಗಿಯಿತು. ಘುರ್ಯೆ ಮುಖ್ಯಸ್ಥರಾಗಿದ್ದಾಗಲೇ ದೇಸಾಯಿ ಅದೇ ವಿಭಾಗದಲ್ಲಿ ಅಧ್ಯಾಪಕರಾದರು, ಮುಂದೆ ಮುಖ್ಯಸ್ಥರೂ ಆದರು. ವೈಚಾರಿಕವಾಗಿ ಇಷ್ಟು ದೂರದ ಶಿಷ್ಯ ಉಳಿದುಕೊಂಡರು, ಶ್ರೀನಿವಾಸ್ ದೂರ ಸರಿದರು.

ಘುರ್ಯೆ ಮೇಲಿನ ಟೀಕೆಗಳು ಚಿಕ್ಕವಲ್ಲ. ಆದಿವಾಸಿಗಳನ್ನು ಅವರು ಹಿಂದುಳಿದ ಹಿಂದೂಗಳು ಎಂದೇ ಕಂಡರು. ಈ ಬಗ್ಗೆ ವೆರಿಯರ್ ಎಲ್ವಿನ್ ಜೊತೆಗಿನ ಅವರ ವಾದ ಇಂದಿಗೂ ತರಗತಿಗಳಲ್ಲಿ ಚರ್ಚೆಯಾಗುತ್ತದೆ. ಇಡೀ ಭಾರತವನ್ನು ಸಂಸ್ಕೃತ ಗ್ರಂಥಗಳ ಕಿಟಕಿಯಿಂದ ನೋಡಿದರು ಎಂಬ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿದೆ. ಆದರೆ ಅವರನ್ನು ಹೀಗೆ ಪ್ರಶ್ನಿಸಲು ಬೇಕಾದ ವಿಭಾಗ, ಸಂಘ, ಪತ್ರಿಕೆ ಎಲ್ಲವನ್ನೂ ಕಟ್ಟಿಕೊಟ್ಟವರಲ್ಲಿ ಅವರೇ ಮೊದಲಿಗರು. 1951ರ ಕೊನೆಯಲ್ಲಿ ಮುಂಬೈಯಲ್ಲಿ ಭಾರತೀಯ ಸಮಾಜಶಾಸ್ತ್ರೀಯ ಸಂಘ ಹುಟ್ಟಿತು, ಮರುವರ್ಷ ಅದರ ಪತ್ರಿಕೆ ಬಂತು. ಎರಡರ ಹಿಂದೆಯೂ ಘುರ್ಯೆ ಇದ್ದರು.

ಅಷ್ಟರಲ್ಲಿ ಶಿಷ್ಯರು ಚದುರಿದ್ದರು. ಕರ್ವೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ, ಐ.ಪಿ. ದೇಸಾಯಿ ಗುಜರಾತಿನಲ್ಲಿ, ಸಂಗವೆ ಕೊಲ್ಹಾಪುರದ ಕಡೆ. ಶ್ರೀನಿವಾಸ್ 1951ರಲ್ಲಿ ಬರೋಡಾದಲ್ಲಿ, 1959ರಲ್ಲಿ ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು. 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆಗೆ ಬಂದರು. ಅಲ್ಲೆಲ್ಲ ಅವರು ವಿದ್ಯಾರ್ಥಿಗಳಿಗೆ ಹೇಳಿದ್ದು ಪುಸ್ತಕದ ಕಣ್ಣಿನಿಂದಲ್ಲ, ಹೊಲದ ಕಣ್ಣಿನಿಂದ ನೋಡಿ ಎಂದು. ಗುರು ಅರ್ಧಕ್ಕೆ ಬಿಟ್ಟಿದ್ದನ್ನು ಶಿಷ್ಯ ಪೂರ್ತಿ ಮಾಡಿದಂತೆ ಕಾಣುತ್ತದೆ, ಶಿಷ್ಯ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ.

ನಿವೃತ್ತಿಯ ನಂತರವೂ ಘುರ್ಯೆ ಸುಮ್ಮನೆ ಕೂರಲಿಲ್ಲ. ವಿಶ್ವವಿದ್ಯಾಲಯ ಅವರನ್ನು ಎಮೆರಿಟಸ್ ಪ್ರಾಧ್ಯಾಪಕರನ್ನಾಗಿ ಮಾಡಿತು. ಅವರು ಬರೆದ ಸುಮಾರು 30 ಪುಸ್ತಕಗಳಲ್ಲಿ ಅರ್ಧದಷ್ಟು 65 ದಾಟಿದ ಮೇಲೆ ಬಂದವು. 1973ರಲ್ಲಿ ಆತ್ಮಕಥೆ ಬಂತು. 1983ರ ಡಿಸೆಂಬರ್ 28ರಂದು, 90 ತುಂಬಿ ಎರಡು ವಾರ ಕಳೆದಿದ್ದಾಗ, ತೀರಿಕೊಂಡರು. ಅವರು ಬೆಳೆಸಿದ ವಿಭಾಗ ಈಗ ಉಪನಗರದಲ್ಲಿದೆ, ಸಾಂತಾಕ್ರೂಜ್‌ನ ಕಲೀನಾ ಕ್ಯಾಂಪಸ್‌ನಲ್ಲಿ.

ಜನ್ಮಶತಮಾನೋತ್ಸವದ ನೆನಪಿಗೆ ಒಂದು ಸಂಪುಟ 1996ರಲ್ಲಿ ಪ್ರಕಟವಾಯಿತು. ಶ್ರೀನಿವಾಸ್ ಅದಕ್ಕೂ ಬರೆದರು. ಆಗ ಅವರಿಗೆ 80ರ ಹತ್ತಿರ. ಬರಿಯ ಹೊಗಳಿಕೆ ಬರೆದು ಮುಗಿಸಬಹುದಿತ್ತು. ಅವರು ಆರಿಸಿಕೊಂಡ ವಿಷಯ ತಮ್ಮ ಮತ್ತು ಗುರುವಿನ ನಡುವಿನ ಕಹಿ ಸಂಬಂಧ.