ಕಿಟೆಲ್ ಹಾಕಿದ ಪ್ರಶ್ನಾರ್ಥಕ ಚಿಹ್ನೆ

ಹೋದ ಸೆಮಿಸ್ಟರ್‌ನಲ್ಲಿ ನಾನೊಂದು ಸಣ್ಣ ಕಳ್ಳತನ ಮಾಡಿದೆ. ಆಂಪ್ಲಿಫೈಯರ್ ಲ್ಯಾಬ್‌ನಲ್ಲಿ ಹನ್ನೆರಡು ರೀಡಿಂಗ್ ತೆಗೆಯಬೇಕಿತ್ತು. ಆರನೆಯದು ಉಳಿದವುಗಳ ಜೊತೆ ಹೊಂದುತ್ತಲೇ ಇರಲಿಲ್ಲ. ಗ್ರಾಫ್‌ನಲ್ಲಿ ನುಣುಪಾಗಿ ಬರಬೇಕಾದ ಗೆರೆ ಅಲ್ಲಿ ಗುಂಡಿಗೆ ಬಿದ್ದ ಹಾಗೆ ಕಾಣುತ್ತಿತ್ತು. ಸೀನಿಯರ್ ಒಬ್ಬರ ಹಳೆಯ ರೆಕಾರ್ಡ್ ನೋಡಿ ಆ ಸಂಖ್ಯೆಯನ್ನು ತಿದ್ದಿದೆ. ಸಹಿ ಬಿತ್ತು, ಪೂರ್ತಿ ಅಂಕವೂ ಬಂತು. ಕ್ಲಾಸಿನಲ್ಲಿ ಇದನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ನವೆಂಬರ್ ಬಂತು. ಕಾಲೇಜಿನ ರಾಜ್ಯೋತ್ಸವಕ್ಕೆ ಐದು ನಿಮಿಷ ಮಾತನಾಡು ಎಂದು ಕನ್ನಡ ಸಂಘದವರು ನನಗೆ ಕೊಟ್ಟ ವಿಷಯ ಫರ್ಡಿನಾಂಡ್ ಕಿಟೆಲ್. ನಿಘಂಟು ಬರೆದ ಜರ್ಮನ್ ಪಾದ್ರಿ ಎನ್ನುವುದಕ್ಕಿಂತ ಹೆಚ್ಚಿಗೆ ನನಗೇನೂ ಗೊತ್ತಿರಲಿಲ್ಲ. ಲೈಬ್ರರಿಗೆ ಹೋಗಿ ಆ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟು, ಎಲ್ಲೋ ಒಂದು ಪುಟ ತೆರೆದೆ. ಅರ್ಥಗಳ ನಡುವೆ ಕಂಸದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಇನ್ನೊಂದು ಪುಟದಲ್ಲಿ ಮತ್ತೊಂದು. ಜಗತ್ತೇ ಪ್ರಮಾಣ ಎಂದು ಒಪ್ಪುವ ನಿಘಂಟಿನೊಳಗೆ, ಇದು ನನಗೆ ಖಚಿತವಿಲ್ಲ ಎಂದು ಬರೆದವರೇ ಹೇಳಿಕೊಂಡಿದ್ದಾರೆ. ನನಗೆ ಆರನೇ ರೀಡಿಂಗ್ ನೆನಪಾಯಿತು. ಐದು ನಿಮಿಷದ ಭಾಷಣಕ್ಕೆಂದು ಶುರುವಾದ ಓದು ಸೆಮಿಸ್ಟರ್ ರಜೆಯವರೆಗೂ ಎಳೆಯಿತು.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಸಮುದ್ರದ ಕಡೆಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಅದೇ 1832ರಲ್ಲಿ ಎಂಬುದು ಓದುವಾಗ ಸಿಕ್ಕ ಒಂದು ತಮಾಷೆಯ ಕಾಕತಾಳೀಯ. ಹದಿನೆಂಟಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆ ಸೇರಿದರು. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಕರ್ನಾಟಕಕ್ಕೆ ಬಂದರು. ನನಗಿಂತ ಒಂದೇ ವರ್ಷ ದೊಡ್ಡವರು ಆಗ. ನಾನು ಮಲ್ಲತ್ತಹಳ್ಳಿಯಿಂದ ಮೆಜೆಸ್ಟಿಕ್ ದಾಟಿ ಇಂಟರ್ನ್‌ಶಿಪ್‌ಗೆ ಹೋಗಬೇಕೆಂದರೆ ಮನೆಯಲ್ಲಿ ಎರಡು ದಿನ ಚರ್ಚೆ ನಡೆಯುತ್ತದೆ!

ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಧಾರವಾಡದ ಕಡೆ ಕೆಲಸಕ್ಕಿಳಿದ ಆ ಹುಡುಗ ಮೊದಲು ಹಟ ಹಿಡಿದದ್ದು ಕನ್ನಡ ಕಲಿಯುವುದಕ್ಕೆ. ಜೊತೆಗೆ ಸಂಸ್ಕೃತ. ಇಲ್ಲಿಯ ಜನರ ನಡುವೆ ಇಲ್ಲಿಯವರಂತೆಯೇ ಬದುಕದೆ ಅವರಿಗೆ ಏನನ್ನೂ ಹೇಳುವ ಹಕ್ಕು ತನಗಿಲ್ಲ ಎನ್ನುವುದು ಅವರ ನಿಲುವು. ಬೈಬಲ್‌ನಲ್ಲಿ ಬರುವ ಸಂತ ಪೌಲನ ದಾರಿ ಅದು. ಬಂಗಲೆಯಲ್ಲಿದ್ದುಕೊಂಡು ದೂರದಿಂದ ಉಪದೇಶ ಮಾಡುವುದು ಅವರಿಗೆ ಸರಿ ಕಾಣಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದರು ಕೂಡ. ಹಿರಿಯ ಮಿಷನರಿಗಳಿಗೆ ಇದು ಹಿಡಿಸಲಿಲ್ಲ. ಬಾಸೆಲ್‌ನ ಮುಖ್ಯ ಕಚೇರಿಗೂ ಹಿಡಿಸಲಿಲ್ಲ. ಕೊನೆಗೆ ಹಳ್ಳಿ ಸುತ್ತುವ ಕೆಲಸದಿಂದ ತೆಗೆದು ಮಂಗಳೂರಿನ ಮುದ್ರಣಾಲಯದ ಕಡೆಗೆ ಕಳಿಸಿದರು.

ಇಲ್ಲಿ ನಾನು ಸ್ವಲ್ಪ ನಿಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೋರ್ ಕಂಪನಿಯಲ್ಲಿ ಕೆಲಸ ಮಾಡಬೇಕೆಂದು ಬಂದವರನ್ನು ಡಾಕ್ಯುಮೆಂಟೇಷನ್ ಟೀಮ್‌ಗೆ ಹಾಕಿದ ಹಾಗೆ. ಅಂಥ ಹೊತ್ತಿನಲ್ಲಿ ಮನುಷ್ಯ ಎರಡು ದಾರಿ ಹಿಡಿಯಬಹುದು: ಬಿಟ್ಟು ಹೋಗುವುದು, ಇಲ್ಲವೇ ಇದ್ದುಕೊಂಡೇ ಕಹಿಯಾಗುವುದು. ಕಿಟೆಲ್ ಮುಂಗೋಪಿಯೂ ಹಟಮಾರಿಯೂ ಆಗಿದ್ದಿರಬೇಕು ಎಂದು ನನ್ನ ಊಹೆ. ತಾನೇ ಸರಿ ಎಂದು ನಂಬಿದ ಇಪ್ಪತ್ತೈದರ ಹುಡುಗರ ಜೊತೆ ಏಗುವುದು ಯಾರಿಗೂ ಸುಲಭವಲ್ಲ. ಆದರೆ ಅವರು ಎರಡೂ ದಾರಿ ಹಿಡಿಯಲಿಲ್ಲ. ಮೂಲೆಗೆ ಹಾಕಿದ ಜಾಗದಲ್ಲೇ ಕೂತು ಕೆಲಸ ಶುರು ಮಾಡಿದರು. 1862ರಲ್ಲಿ ಕಥಾಮಾಲೆ ಬಂತು. ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಪುಸ್ತಕ ಅದು. ಷಟ್ಪದಿಯನ್ನು ಕೇಳಿ ಬೆಳೆದ ಜನಕ್ಕೆ ಷಟ್ಪದಿಯಲ್ಲೇ ಹೇಳಬೇಕು ಎಂಬ ಹಳೆಯ ಹಟವೇ ಈಗ ಪದ್ಯವಾಗಿ ಬಂದಿತ್ತು. ಜಗಳ ಮಾತ್ರ ಇರಲಿಲ್ಲ.

ಮನೆಯೊಳಗೂ ಕಷ್ಟ ಬಂತು. 1860ರಲ್ಲಿ ಮದುವೆಯಾದ ಪಾಲಿನ್ 1864ರಲ್ಲಿ ತೀರಿಕೊಂಡರು. ನಾಲ್ಕೇ ವರ್ಷ. ಕೆಲವು ವರ್ಷಗಳ ನಂತರ ಪಾಲಿನ್ ಅವರ ಸೋದರಿ ಜೂಲಿಯನ್ನು ಮದುವೆಯಾದರು. ಈ ದುಃಖದ ಬಗ್ಗೆ ಪುಸ್ತಕಗಳು ಒಂದೆರಡು ಸಾಲು ಬರೆದು ಮುಂದೆ ಹೋಗುತ್ತವೆ. ನಾನೂ ಅಷ್ಟೇ ಮಾಡುತ್ತಿದ್ದೇನೆ, ಬೇರೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ನನ್ನ ಬೆಂಚ್‌ಮೇಟ್ ಒಬ್ಬ ಪ್ರತಿ ಭಾನುವಾರ ಚರ್ಚಿಗೆ ಹೋಗುವವನು. ಅವನ ಹತ್ತಿರ ಕಿಟೆಲ್ ಬಗ್ಗೆ ಮಾತನಾಡುವಾಗ, ಇಷ್ಟು ವರ್ಷ ಇಲ್ಲಿದ್ದು ಇವರು ಮತಾಂತರ ಮಾಡಿದ್ದಕ್ಕಿಂತ ಪದ ಕೂಡಿಸಿದ್ದೇ ಹೆಚ್ಚು, ಪಾದ್ರಿಯಾಗಿ ಸೋತರು ಅನ್ನಬಹುದೇನೋ ಎಂದೆ. ಅವನು ಒಪ್ಪಲಿಲ್ಲ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪ್ರೀತಿ, ತಾಳ್ಮೆ, ನಂಬಿಗಸ್ತಿಕೆ, ಶಮೆ ಇಂಥ ಗುಣಗಳನ್ನು ಪವಿತ್ರಾತ್ಮನ ಫಲ ಎಂದು ಕರೆದಿದ್ದಾನಂತೆ. ಫಲ ಅಂದರೆ ಹಣ್ಣು. ಹಣ್ಣನ್ನು ಯಾರೂ ಒಂದು ರಾತ್ರಿಯಲ್ಲಿ ಮಾಡುವುದಿಲ್ಲ, ಅದು ಮರದಲ್ಲಿ ನಿಧಾನಕ್ಕೆ ಆಗುತ್ತದೆ, ಎಷ್ಟು ಜನ ನೋಡಿ ಚಪ್ಪಾಳೆ ತಟ್ಟಿದರು ಎಂಬ ಲೆಕ್ಕ ಅದಕ್ಕಿಲ್ಲ ಎಂದ. ಅವನು ಹೀಗೆಲ್ಲ ಮಾತನಾಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಮೂರು ಸೆಮಿಸ್ಟರ್ ಪಕ್ಕದಲ್ಲೇ ಕೂತಿದ್ದೇವೆ.

ಆ ಕಣ್ಣಿನಿಂದ ನೋಡಿದರೆ ಮುಂದಿನ ಮೂವತ್ತು ವರ್ಷ ಬೇರೆಯೇ ಕಾಣುತ್ತದೆ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಇವರ ಸಂಪಾದನೆಯಲ್ಲಿ ಅಚ್ಚಾದವು. ಛಂದೋಂಬುಧಿಗೆ ಕನ್ನಡ ಸಾಹಿತ್ಯದ ಚರಿತ್ರೆಯನ್ನೇ ಇಂಗ್ಲಿಷ್‌ನಲ್ಲಿ ಬರೆದು ಸೇರಿಸಿದರು. ಮಂಗಳೂರು, ಮಡಿಕೇರಿ, ಧಾರವಾಡ ಎಂದು ಊರು ಬದಲಾಗುತ್ತಿತ್ತು, ಪದಗಳ ಸಂಗ್ರಹ ಮಾತ್ರ ನಿಲ್ಲಲಿಲ್ಲ. 1877ರಲ್ಲಿ ಜರ್ಮನಿಗೆ ಮರಳಿದರು. ನಲವತ್ತೈದು ವಯಸ್ಸು, ಅಲ್ಲೇ ಯಾವುದಾದರೂ ಊರಿನಲ್ಲಿ ಪಾದ್ರಿಯಾಗಿ ಆರಾಮವಾಗಿ ಇರಬಹುದಿತ್ತು. 1883ರಲ್ಲಿ, ಐವತ್ತು ದಾಟಿದ ಮೇಲೆ, ನಿಘಂಟು ಮುಗಿಸಲೆಂದೇ ಮತ್ತೆ ಬಂದರು. ಅಂದು ಹಿರಿಯರ ಜೊತೆ ವಾದ ಮಾಡಿದ ಹುಡುಗ ಇವರೇನಾ ಎನಿಸುತ್ತದೆ.

ಆ ಕೆಲಸ ಎಂಥದ್ದು ಎಂದು ಯೋಚಿಸಿ. ಸರ್ಚ್ ಬಟನ್ ಇಲ್ಲ, ಕಾಪಿ-ಪೇಸ್ಟ್ ಇಲ್ಲ. ಒಂದು ಪದ ಎಲ್ಲಿ ಸಿಕ್ಕಿತು ಎಂಬುದನ್ನು ಅದರ ಪಕ್ಕದಲ್ಲೇ ಸಂಕ್ಷೇಪಾಕ್ಷರದಲ್ಲಿ ಬರೆಯುತ್ತ ಹೋಗಿದ್ದಾರೆ. ಕೇಶಿರಾಜನಲ್ಲಿ ಬಂದದ್ದಾದರೆ ಹಾಗೆ, ಮೈಸೂರು ಸೀಮೆಯ ಮಾತಾದರೆ ಹಾಗೆ, ಆಗ ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದ ಧಾರವಾಡದ ಕಡೆಯದಾದರೆ ಹಾಗೆ. ಗಾದೆಯಲ್ಲಿ ಬಂದಿದ್ದರೆ ಆ ಗಾದೆ. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ಅಣ್ಣತಮ್ಮಂದಿರು ಯಾರೆಂಬ ವಿವರ. ಸಹಾಯ ಮಾಡಿದ ಇಲ್ಲಿಯ ವಿದ್ವಾಂಸರ ಋಣವನ್ನು ಮುನ್ನುಡಿಯಲ್ಲಿ ನೆನೆದಿದ್ದಾರೆ. ತಿಳಿಯದ ಕಡೆ ಪ್ರಶ್ನಾರ್ಥಕ ಚಿಹ್ನೆ. ಅದರ ಬದಲು ಒಂದು ಊಹೆಯ ಅರ್ಥ ಬರೆದಿದ್ದರೆ ಯಾರು ಕಂಡುಹಿಡಿಯುತ್ತಿದ್ದರು? ಸುಮಾರು 70,000 ಪದಗಳಲ್ಲಿ ಒಂದು!

ಅವರ ಎಲ್ಲ ಬರಹವನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ಯಜ್ಞದ ಬಗ್ಗೆ, ಲಿಂಗಪೂಜೆಯ ಮೂಲದ ಬಗ್ಗೆ ಬರೆದಾಗ ಅವರು ನಿಂತದ್ದು ಮಿಷನರಿಯ ಜಾಗದಲ್ಲೇ, ನಮ್ಮ ಮನೆಯವರು ಓದಿದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ. ನಂಬಿಕೆಯ ವಿಷಯದಲ್ಲಿ ಅವರು ರಾಜಿಯಾದವರಲ್ಲ. ಆದರೆ ಯಾವ ಜನರ ನಂಬಿಕೆಯನ್ನು ಒಪ್ಪಲಿಲ್ಲವೋ ಆ ಜನರ ಮಾತನ್ನು, ಗಾದೆಯನ್ನು, ಬೈಗುಳವನ್ನೂ ಬಿಡದೆ ಇಷ್ಟು ಗೌರವದಿಂದ ಬರೆದಿಟ್ಟರಲ್ಲ, ಅದೇ ನನಗೆ ಆಶ್ಚರ್ಯ. ಚರ್ಚೆಯಲ್ಲಿ ಗೆಲ್ಲಲೆಂದು ಎದುರಿನವರ ಮಾತನ್ನು ತಿರುಚುವ ನಮ್ಮ ವಾಟ್ಸ್‌ಆ್ಯಪ್ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1892ರಲ್ಲಿ ಅವರು ಕೊನೆಯ ಸಲ ಕರ್ನಾಟಕ ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ನಿಘಂಟು ಹೊರಬಂತು, 1,700ಕ್ಕೂ ಹೆಚ್ಚು ಪುಟ. ಒಂದು ಕಾಲದಲ್ಲಿ ಅವರನ್ನು ಮೂಲೆಗೆ ಹಾಕಿದ್ದ ಅದೇ ಮುದ್ರಣಾಲಯ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆಮೇಲಾದರೂ ಸುಮ್ಮನಿದ್ದರೇ? ಕನ್ನಡ ವ್ಯಾಕರಣ ಬರೆಯಲು ಕೂತರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಎಪ್ಪತ್ತೊಂದನೇ ವಯಸ್ಸಿನಲ್ಲಿ, ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಎಂ.ಜಿ. ರಸ್ತೆಯ ಕೊನೆಯಲ್ಲಿ, ಮೇಯೊ ಹಾಲ್ ಹತ್ತಿರ ಅವರ ಪ್ರತಿಮೆ ಇದೆ. ರಜೆಯಲ್ಲಿ ಒಂದು ದಿನ ನಾನೂ ನನ್ನ ಬೆಂಚ್‌ಮೇಟೂ ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿ ನೋಡಿ ಬಂದೆವು. ಸುತ್ತ ಸಿಗ್ನಲ್ಲು, ಹಾರ್ನು, ಆಟೊಗಳು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದ ನಾನೂ ನೋಡಿರಲಿಲ್ಲ.

ಕಾಲೇಜು ಶುರುವಾದ ಮೊದಲ ವಾರವೇ ಲ್ಯಾಬ್ ಮೇಡಂ ಹತ್ತಿರ ಹೋಗಿ ಆರನೇ ರೀಡಿಂಗ್ ವಿಷಯ ಹೇಳಿದೆ. ಹೇಳುವಾಗ ಕೈ ಬೆವರುತ್ತಿತ್ತು. ಅಂಕ ಆಗಲೇ ಹೋಗಿಯಾಗಿದೆ, ಈಗ ಬಂದು ಯಾಕಪ್ಪಾ ಹೇಳ್ತೀಯಾ ಎನ್ನುವಂತೆ ಒಂದು ಕ್ಷಣ ನೋಡಿದರು. ಆಮೇಲೆ ಶನಿವಾರ ಮಧ್ಯಾಹ್ನ ಬಂದು ಇಡೀ ಪ್ರಯೋಗವನ್ನು ಮತ್ತೆ ಮಾಡಲು ಹೇಳಿದರು. ಮಾಡಿದೆ. ಹನ್ನೊಂದು ರೀಡಿಂಗ್ ಸರಿಯಾಗಿ ಬಂದವು. ಆರನೆಯದು ಮತ್ತೆ ಅದೇ ಗುಂಡಿ. ಪ್ರೋಬ್ ಬದಲಿಸಿದೆ, ಬ್ರೆಡ್‌ಬೋರ್ಡ್ ಬದಲಿಸಿದೆ, ಕಾರಣ ಸಿಗಲಿಲ್ಲ. ಬಂದ ಸಂಖ್ಯೆಯನ್ನೇ ಬರೆದು, ಪಕ್ಕದಲ್ಲಿ ಕಂಸ ಹಾಕಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಕೊಟ್ಟೆ. ಎರಡು ಅಂಕ ಕಡಿಮೆ ಬಂತು.