ಜೋಯ್ ಡನ್‌ಲಪ್: ರಸ್ತೆ ರೇಸಿನ ಮಹಾನ್ ಸಾಧಕ (1952–2000)

ಚಾಲನಾ ಅನುಜ್ಞಾಪತ್ರಕ್ಕೆ ಅರ್ಜಿ ಸಲ್ಲಿಸುವ ಸಾರ್ವಜನಿಕರ, ವಿಶೇಷವಾಗಿ ಯುವಜನರ ಅವಗಾಹನೆಗಾಗಿ ಪ್ರಖ್ಯಾತ ಮೋಟಾರ್ ಸೈಕಲ್ ಸವಾರರೊಬ್ಬರ ಜೀವನ ವೃತ್ತಾಂತವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭ

ವಿಲಿಯಂ ಜೋಸೆಫ್ ಡನ್‌ಲಪ್ ಅವರು 1952ರ ಫೆಬ್ರವರಿ 25ರಂದು ಉತ್ತರ ಐರ್ಲೆಂಡಿನ ಬ್ಯಾಲಿಮನಿ ಪಟ್ಟಣದ ಸಮೀಪ ಸಾಧಾರಣ ಕುಟುಂಬದಲ್ಲಿ ಜನಿಸಿದರು. 1969ರಲ್ಲಿ 200 ಸಿ.ಸಿ. ಸಾಮರ್ಥ್ಯದ ಹಳೆಯ ಟ್ರಯಂಫ್ ವಾಹನದಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿದರು. ತಮ್ಮ ವಾಹನದ ಎಂಜಿನನ್ನು ತಾವೇ ಬಿಚ್ಚಿ ಜೋಡಿಸುವ ರೂಢಿಯನ್ನು ಪ್ರಸಿದ್ಧಿಗೆ ಬಂದ ಬಳಿಕವೂ ಅವರು ಬಿಡಲಿಲ್ಲ.

ಐಲ್ ಆಫ್ ಮ್ಯಾನ್ ಸಾಧನೆ

ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಲ್ಲಿ ಆರಂಭವಾದ ಟೂರಿಸ್ಟ್ ಟ್ರೋಫಿ ಅಥವಾ ಟಿ.ಟಿ. ಸ್ಪರ್ಧೆಯು ರಸ್ತೆ ರೇಸುಗಳಲ್ಲಿ ಅತಿ ಕಠಿಣವಾದುದು. ಇದರ ಸುಮಾರು 60 ಕಿ.ಮೀ. ಉದ್ದದ ಪರ್ವತ ಮಾರ್ಗವು ಊರು, ಸೇತುವೆ, ಕಲ್ಲುಗೋಡೆಗಳ ನಡುವೆ 200ಕ್ಕೂ ಹೆಚ್ಚು ತಿರುವುಗಳಲ್ಲಿ ಸಾಗುತ್ತದೆ. ಪ್ರತಿಯೊಂದು ತಿರುವನ್ನೂ ನೆನಪಿನಲ್ಲಿಟ್ಟುಕೊಂಡ ಸವಾರನಿಗೆ ಮಾತ್ರ ಇಲ್ಲಿ ಜಯ ಲಭಿಸುತ್ತದೆ. ಡನ್‌ಲಪ್ ಅವರು 1977ರಲ್ಲಿ ಇಲ್ಲಿ ಪ್ರಥಮ ಜಯ ಪಡೆದರು. 1980ರಲ್ಲಿ ಅವರ ಸಹೋದರಿಯ ಪತಿಯೂ ಸಹಸವಾರರೂ ಆಗಿದ್ದ ಮರ್ವಿನ್ ರಾಬಿನ್ಸನ್ ಅವರು ನಾರ್ತ್ ವೆಸ್ಟ್ 200 ಸ್ಪರ್ಧೆಯಲ್ಲಿ ಮೃತಪಟ್ಟರು. ಆ ದುಃಖದ ನಡುವೆಯೇ ಕೆಲವು ವಾರಗಳ ನಂತರ ಅವರು ಕ್ಲಾಸಿಕ್ ಟಿ.ಟಿ.ಯಲ್ಲಿ ವಿಜೇತರಾದರು.

ಹೋಂಡಾ ತಂಡದ ಸವಾರರಾಗಿ 1982ರಿಂದ 1986ರವರೆಗೆ ಸತತ ಐದು ಬಾರಿ ಟಿ.ಟಿ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಪಟ್ಟ ಗಳಿಸಿದರು. 1985ರಲ್ಲಿ ದ್ವೀಪಕ್ಕೆ ಹೊರಟಿದ್ದಾಗ ಅವರ ದೋಣಿ ಮುಳುಗಿತು, ಅದರಲ್ಲಿದ್ದವರೆಲ್ಲರೂ ಪಾರಾದರು. ಅದೇ ವರ್ಷ ಅವರು ಮೂರು ಟಿ.ಟಿ. ರೇಸುಗಳನ್ನು ಗೆದ್ದರು. 1989ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರೂ, 1992ರಲ್ಲಿ ಮೈಕ್ ಹೇಲ್‌ವುಡ್ ಅವರ 14 ಜಯಗಳ ದಾಖಲೆಯನ್ನು ಸರಿಗಟ್ಟಿ, 1993ರಲ್ಲಿ ಅದನ್ನು ಮೀರಿದರು.

ಸೇವಾಕಾರ್ಯ ಮತ್ತು ಗೌರವ

ರೇಸುಗಳಿಲ್ಲದ ಅವಧಿಯಲ್ಲಿ ಅವರು ರುಮೇನಿಯಾ, ಅಲ್ಬೇನಿಯಾ ಹಾಗೂ ಬೋಸ್ನಿಯಾ ದೇಶಗಳ ಅನಾಥ ಮಕ್ಕಳಿಗಾಗಿ ಆಹಾರ ಮತ್ತು ಬಟ್ಟೆಗಳನ್ನು ವ್ಯಾನಿನಲ್ಲಿ ತುಂಬಿಕೊಂಡು, ಯಾವುದೇ ಪ್ರಚಾರ ಬಯಸದೆ ಸ್ವತಃ ಚಲಾಯಿಸಿಕೊಂಡು ಹೋಗಿ ತಲುಪಿಸುತ್ತಿದ್ದರು. ಬ್ರಿಟಿಷ್ ಸರ್ಕಾರವು 1986ರಲ್ಲಿ ಮೋಟಾರ್ ಸೈಕಲ್ ಕ್ರೀಡೆಗಾಗಿ ಎಂ.ಬಿ.ಇ. ಹಾಗೂ 1996ರಲ್ಲಿ ಮಾನವೀಯ ಸೇವೆಗಾಗಿ ಓ.ಬಿ.ಇ. ಗೌರವ ನೀಡಿತು.

ಅಂತಿಮ ದಿನಗಳು

2000ನೇ ಇಸವಿಯ ಜೂನ್ ತಿಂಗಳಲ್ಲಿ, 48ನೇ ವಯಸ್ಸಿನಲ್ಲಿ, ಅವರು ಮತ್ತೆ ಮೂರು ಟಿ.ಟಿ. ರೇಸುಗಳನ್ನು ಗೆದ್ದು ಒಟ್ಟು ಜಯಗಳ ಸಂಖ್ಯೆಯನ್ನು 26ಕ್ಕೆ ಏರಿಸಿದರು. ಜುಲೈ 2ರಂದು ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ 125 ಸಿ.ಸಿ. ಸ್ಪರ್ಧೆಯ ವೇಳೆ ಮಳೆಯಿಂದ ತೋಯ್ದ ರಸ್ತೆಯಲ್ಲಿ ವಾಹನ ನಿಯಂತ್ರಣ ತಪ್ಪಿ ಮರಗಳಿಗೆ ಅಪ್ಪಳಿಸಿತು. ಅವರು ಸ್ಥಳದಲ್ಲೇ ಮೃತಪಟ್ಟರು. ಬ್ಯಾಲಿಮನಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಸುಮಾರು 50,000 ಜನ ಸೇರಿದ್ದರು. ಆ ಪಟ್ಟಣದಲ್ಲಿ ಅವರ ಸ್ಮಾರಕ ಉದ್ಯಾನವಿದೆ. ಅವರ 26 ಜಯಗಳ ದಾಖಲೆಯನ್ನು 2024ರಲ್ಲಿ ಅವರ ಸಹೋದರನ ಪುತ್ರ ಮೈಕೆಲ್ ಡನ್‌ಲಪ್ ಅವರು ಮೀರಿದರು.

ಸಾರ್ವಜನಿಕರ ಗಮನಕ್ಕೆ

ಡನ್‌ಲಪ್ ಅವರು ಭಾಗವಹಿಸಿದ ಸ್ಪರ್ಧೆಗಳು ಕಾನೂನಿನ ಪ್ರಕಾರ ಸಂಚಾರಕ್ಕೆ ಮುಚ್ಚಲಾದ ರಸ್ತೆಗಳಲ್ಲಿ ನಡೆದವು. ಅಂತಹ ರಸ್ತೆಯಲ್ಲಿಯೂ ಮೂರು ದಶಕಗಳ ಅನುಭವವುಳ್ಳ ಸವಾರನ ಪ್ರಾಣ ಉಳಿಯಲಿಲ್ಲ ಎಂಬುದು ಗಮನಾರ್ಹ. ನಮ್ಮ ದೇಶದಲ್ಲಿ ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ವೇಗ ಸ್ಪರ್ಧೆ ನಡೆಸುವುದು ಮೋಟಾರು ವಾಹನಗಳ ಕಾಯ್ದೆ, 1988ರ 189ನೇ ಕಲಮಿನಡಿ ಶಿಕ್ಷಾರ್ಹ ಅಪರಾಧವಾಗಿರುತ್ತದೆ.